ಪಿಯಾನೊ ಮೇಡಮ್ ಅವರ ಎಂಟನೇ ಗ್ರೇಡು

ಸ್ಟೂಲಿನ ಮೇಲೆ ಕೂರುವುದನ್ನು ಕಲಿಯಲು ನನಗೆ ಮೂರು ವಾರ ಹಿಡಿಯಿತು. ಆಗ ನನಗೆ ನಲವತ್ತಮೂರು ವರ್ಷ. ಹದಿನೆಂಟು ವರ್ಷ ಸರ್ಕಾರಿ ನೌಕರಿ ಮಾಡಿದವನಿಗೆ ಕೂರುವುದನ್ನು ಯಾರೂ ಕಲಿಸಬೇಕಾಗಿಲ್ಲ ಅಂದುಕೊಂಡಿದ್ದೆ. ಹುಣಸೂರಿನ ಪಿಯಾನೊ ಮೇಡಮ್ ಹಾಗಂದುಕೊಂಡಿರಲಿಲ್ಲ.

“ಪೂರ್ತಿ ಆಕ್ರಮಿಸ್ಕೋಬೇಡಿ ಕಣ್ರೀ. ಅರ್ಧ ಸ್ಟೂಲು ನಿಮ್ದು, ಇನ್ನರ್ಧ ಖಾಲಿ ಇರ್ಲಿ. ಕಾಲು ಊರಿ. ಭುಜ ಇಳಿಸಿ. ಇನ್ನೂ ಇಳಿಸಿ, ಯಾರೂ ಹೊಡಿಯಲ್ಲ. ಇಲ್ಲ ಇಲ್ಲ, ಇನ್ನೂ ಕೈ ಎತ್ಬೇಡಿ!”

ನಾನು ಕಂಪಲಾಪುರದ ಕಡೆ ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡುವವನು. ಡಾಕ್ಟರಲ್ಲ, ಅವರ ಕೈಕೆಳಗಿನವನು; ಆದರೂ ಊರಿನವರು ನನ್ನನ್ನೂ ಡಾಕ್ಟ್ರೇ ಅಂತಲೇ ಕರೆಯುತ್ತಾರೆ. ಮನೆ ಹುಣಸೂರಿನಲ್ಲಿ. ಎಂಟು ವರ್ಷದ ಮಗಳನ್ನು ಪಿಯಾನೊ ಪಾಠಕ್ಕೆ ಬಿಟ್ಟು ಮೇಡಮ್ ಮನೆಯ ಜಗಲಿಯಲ್ಲಿ ಪೇಪರ್ ಹಿಡಿದು ಕೂರುವುದು ನನ್ನ ಸಂಜೆಯ ಕೆಲಸವಾಗಿತ್ತು. ಒಂದು ದಿನ ಅವರು ಬಾಗಿಲಿಗೆ ಬಂದು ನಿಂತರು.

“ಒಂದೇ ಪುಟ ಮುಕ್ಕಾಲು ಗಂಟೆಯಿಂದ ಓದ್ತಿದ್ದೀರಿ. ಕಿವಿ ಒಳಗಿದೆ, ಕಣ್ಣು ಮಾತ್ರ ಅಲ್ಲಿದೆ. ಒಳಗ್ ಬನ್ನಿ.”

ಒಳಗೆ ಹೋದೆ. ನನ್ನ ಎರಡೂ ಕೈಗಳನ್ನು ಹಿಡಿದು, ಸಂತೆಯಲ್ಲಿ ಬದನೆಕಾಯಿ ನೋಡುವಂತೆ ಹಿಂದೆ ಮುಂದೆ ತಿರುಗಿಸಿ ನೋಡಿದರು. ಬೆರಳು ಅಗಲಿಸಲು ಹೇಳಿದರು. “ಅಬ್ಬಬ್ಬಾ, ಇಂಥ ಕೈಗಾಗಿ ನಾನು ಮೂವತ್ತು ವರ್ಷದಿಂದ ಕಾಯ್ತಿದ್ದೀನಿ. ನನಗೆ ಬರೋದೆಲ್ಲ ಚಿಕ್ಕ ಚಿಕ್ಕ ಕೈಗಳೇ.”

“ಮೇಡಮ್, ಇದು ಕರು ಎಳೆಯೋ ಕೈ. ನಿಮ್ಮ ಪಿಯಾನೊ ಒಡೆದುಹೋದೀತು.”

“ಎಂಟು ಜನ ಹೊತ್ತು ತಂದಿರೋದು ಅದು. ನೀವೇನ್ ಒಡೀತೀರಾ, ಬುಡಿ.”

ಹೀಗೆ ನಾನು ಅವರ ಶಿಷ್ಯನಾದೆ. ಪಿಯಾನೊ ಪರೀಕ್ಷೆಗೆ ಒಂದರಿಂದ ಎಂಟರವರೆಗೆ ಗ್ರೇಡುಗಳು; ಇಂಗ್ಲೆಂಡಿನ ಪರೀಕ್ಷಕರು ಮೈಸೂರಿಗೆ ಬಂದು ನಡೆಸುತ್ತಾರೆ. ಮಗಳು ಒಂದು ಗ್ರೇಡ್ ಮುಂದೆ, ಅಪ್ಪ ಒಂದು ಗ್ರೇಡ್ ಹಿಂದೆ.

ಹೋದ ತಿಂಗಳು ಮೇಡಮ್ ಪಾಠ ನಿಲ್ಲಿಸಿದರು. ಮೈಯಲ್ಲಿ ಏನೂ ತೊಂದರೆಯಿಲ್ಲ. “ಇನ್ಮೇಲೆ ನನಗೋಸ್ಕರ ನುಡಿಸ್ಕೋತೀನಿ” ಅಂದರು, ಅಷ್ಟೇ. ಗೇಟಿನ ಬೋರ್ಡು ಬಿಚ್ಚಲು ಸ್ಕ್ರೂಡ್ರೈವರ್ ಹಿಡಿದು ಹೋದವನು ನಾನೇ. ಆ ಬೋರ್ಡಿನಲ್ಲಿ “ಇಲ್ಲಿ ಪಿಯಾನೊ ಕಲಿಸಲಾಗುವುದು” ಅಂತ ಮಾತ್ರ ಇತ್ತು. ಹೆಸರಿಲ್ಲ, ಪದವಿಯಿಲ್ಲ. ಪದವಿ ಯಾಕಿರಲಿಲ್ಲ ಅನ್ನುವುದರ ಪೂರ್ತಿ ಕಥೆ ಗೊತ್ತಿದ್ದವರು ಊರಿನಲ್ಲಿ ನಾನೊಬ್ಬನೇ. ಈಗ ಹೇಳಬಹುದು ಅಂತ ಅವರೇ ಅಪ್ಪಣೆ ಕೊಟ್ಟಿದ್ದಾರೆ.

ಪಿಯಾನೊ ಟೀಚರ್ ಅಂದರೆ ಜನ ಏನನ್ನು ನಿರೀಕ್ಷಿಸುತ್ತಾರೋ ಮೇಡಮ್ ಅದಲ್ಲ. ಹಣೆಯಲ್ಲಿ ವಿಭೂತಿ, ಕಾಟನ್ ಸೀರೆ, ಪೆಡಲ್ ಮೇಲೆ ಬರಿಗಾಲು. ಅವರ ತಂದೆ ಬೀಚನಹಳ್ಳಿಯ ಅಣೆಕಟ್ಟಿನಲ್ಲಿ ಗೇಟು ನೋಡಿಕೊಳ್ಳುವ ಕೆಲಸದಲ್ಲಿದ್ದರು. ಮಗಳನ್ನು ಓದಿಸಲು ಮೈಸೂರಿನ ಹಾಸ್ಟೆಲಿನಲ್ಲಿ ಬಿಟ್ಟರು. ಅಲ್ಲಿ ಪ್ರಾರ್ಥನೆಯ ಕೋಣೆಯಲ್ಲೊಂದು ಪಿಯಾನೊ ಇತ್ತು. ಕಲಿಸುವ ಸಿಸ್ಟರ್ ಒಬ್ಬರಿದ್ದರು. ರಜೆಗೆ ಬಂದಾಗ ಮಗಳು ಊಟದ ಮಣೆಯ ಮೇಲೆ ಬೆರಳಾಡಿಸುವುದನ್ನು ಕಂಡ ತಂದೆ, ಕೊಡಗಿನ ಯಾವುದೋ ತೋಟದ ಬಂಗಲೆಯಲ್ಲಿ ಹಳೆಯ ಪಿಯಾನೊ ಮೂಲೆಗೆ ಬಿದ್ದಿದೆಯೆಂದು ಕೇಳಿ, ಹುಲ್ಲು ಹಾಸಿದ ಲಾರಿಯಲ್ಲಿ ಅದನ್ನು ತಂದೇಬಿಟ್ಟರಂತೆ. ಇಳಿಸಿದ ದಿನ ಅಣೆಕಟ್ಟಿನ ಕಾಲೊನಿಯವರೆಲ್ಲ ಬಂದು, ಬೀರುವಿನಂತಿರುವ ಇದು ಹಾಡುತ್ತದಂತಲ್ಲ ಅಂತ ಮುಟ್ಟಿ ಮುಟ್ಟಿ ನೋಡಿದರಂತೆ.

ಪಾಠದಲ್ಲಿ ಅವರ ಮಾತೇ ಬೇರೆ. ಪುಸ್ತಕದಲ್ಲಿ ಇಟಲಿಯ ಪದಗಳಿರುತ್ತವಲ್ಲ, ಅವಕ್ಕೆಲ್ಲ ಅವರದೇ ಕನ್ನಡ. ಬೆರಳು ಚುಟುಕಾಗಿ ಎತ್ತಬೇಕಾದ ಕಡೆ “ಬಿಸಿ ಹೆಂಚು!” ಅನ್ನುತ್ತಿದ್ದರು. ಸ್ವರ ಸ್ವರಕ್ಕೆ ಅಂಟಿಕೊಂಡು ಹೋಗಬೇಕಾದರೆ “ಎಣ್ಣೆ ಹುಯ್ಯಿರಿ.” ಮೆಲ್ಲಗೆ ಶುರುವಾಗಿ ಜೋರಾಗಬೇಕಾದ ಕಡೆ “ಪಿರಿಯಾಪಟ್ಟಣದ ಬಸ್ಸು ಬರ್ತಾ ಇದೆ, ಬರ್ತಾ ಇದೆ, ಬಂತು!” ತೀರಾ ಮೆಲ್ಲಗೆ ನುಡಿಸಬೇಕಿದ್ದರೆ ಏನೂ ಹೇಳುತ್ತಿರಲಿಲ್ಲ, ಮಗು ಮಲಗಿದೆ ಅನ್ನುವಂತೆ ತುಟಿಯ ಮೇಲೆ ಬೆರಳಿಡುತ್ತಿದ್ದರು. ನನ್ನ ಮಗಳು ಪರೀಕ್ಷೆಯ ಮೌಖಿಕದಲ್ಲಿ ಒಂದು ಪದದ ಅರ್ಥ ಕೇಳಿದಾಗ ಬಸ್ಸು ಬರುವುದು ಅಂತ ಇಂಗ್ಲಿಷಿನಲ್ಲಿ ಹೇಳಿ ಬಂದಳು. ಪರೀಕ್ಷಕರು ಪೂರ್ತಿ ಮಾರ್ಕು ಕೊಟ್ಟಿದ್ದರು.

ಪರೀಕ್ಷೆಗೆ ಒಂದು ತಿಂಗಳಿದೆ ಅನ್ನುವಾಗ ಅವರ ಮನೆಯ ಮುಂದಿನ ಕೋಣೆ ಪರೀಕ್ಷಾ ಕೊಠಡಿಯಾಗುತ್ತಿತ್ತು. ಮೇಡಮ್ ಕನ್ನಡಕ ಹಾಕಿ, ಮೇಜಿನ ಹಿಂದೆ ಕೂತು, ಪೂಜೆಯ ಗಂಟೆ ಬಾರಿಸುತ್ತಿದ್ದರು. ನಾವು ಒಬ್ಬೊಬ್ಬರಾಗಿ ಒಳಗೆ ಬಂದು, ಗುಡ್ ಮಾರ್ನಿಂಗ್ ಹೇಳಿ, ಕೂರಬೇಕು. ಅವರು ಗುರುತೇ ಇಲ್ಲದವರಂತೆ ನಮ್ಮನ್ನು ನೋಡುತ್ತಿದ್ದರು. ಇದೇ ಸಾಕಿತ್ತು ಬೆವರಿಳಿಯಲು. ಆದರೆ ಅವರು ಅಷ್ಟಕ್ಕೆ ಬಿಡುತ್ತಿರಲಿಲ್ಲ. ನುಡಿಸುತ್ತಿರುವಾಗ ಪೆನ್ನು ಕೆಳಗೆ ಬೀಳಿಸುವರು. ಜೋರಾಗಿ ಕೆಮ್ಮುವರು. ಅಡುಗೆಮನೆಯಿಂದ ಕುಕ್ಕರ್ ಕೂಗಿಸುವರು. ಪಕ್ಕದ ಮನೆಯವರಿಗೆ ಹೇಳಿ ಬೈಕು ಸ್ಟಾರ್ಟ್ ಮಾಡಿಸುವರು. ನಿಂತರೆ ಮುಗಿಯಿತು, ಹೊರಗೆ ಹೋಗಿ ಮತ್ತೆ ಗಂಟೆಗೆ ಕಾಯಬೇಕು.

“ತಪ್ಪಾದ್ರೆ ಆಗ್ಲಿ ಕಣ್ರೀ. ತಪ್ಪು ಒಂದು ಕ್ಷಣದ್ದು. ನಿಂತುಬುಟ್ರೆ ಮಾತ್ರ ಅದು ಮನೆ ಕಟ್ಕೊಂಡು ಕೂರುತ್ತೆ.”

ನನ್ನ ಒಂದನೇ ಗ್ರೇಡಿನ ಪರೀಕ್ಷೆಯ ದಿನ. ಬೆಳಿಗ್ಗೆ ಏಳಕ್ಕೆ ಮೇಡಮ್ ಮನೆಯ ಮುಂದೆ ವ್ಯಾನ್ ನಿಂತಿತ್ತು. ಮೂರು ಹುಡುಗಿಯರು, ಅವರಲ್ಲಿ ಒಬ್ಬಳು ನನ್ನ ಮಗಳು, ಮೇಡಮ್, ಮತ್ತೆ ಇಸ್ತ್ರಿ ಹಾಕಿದ ಬಿಳಿ ಶರ್ಟಿನ ನಾನು. ಮೈಸೂರಿನಲ್ಲಿ ನಮ್ಮ ಸರದಿ ಹನ್ನೊಂದರ ಮೇಲೆ. ಹೊರಡಬೇಕು, ಆಗ ನನ್ನ ಫೋನು.

ಕಂಪಲಾಪುರದಾಚೆಯ ಮಹದೇವಪ್ಪ. ಅವನ ಕಡಸು ಮೊದಲ ಸಲ ಈಯುತ್ತಿತ್ತು.

“ಡಾಕ್ಟ್ರೇ, ಒಂದ್ ಕಾಲು ಬಂದೈತೆ, ಇನ್ನೊಂದ್ ಕಾಣ್ತಿಲ್ಲ. ರಾತ್ರಿಯಿಂದ ತಿಣುಕ್ತಾ ಅದೆ. ದೊಡ್ ಡಾಕ್ಟ್ರು ರಜಾದಲ್ಲವ್ರಂತೆ. ನೀವ್ ಬರ್ದಿದ್ರೆ ಅಸ ಓಯ್ತದೆ.”

ಕಂಪಲಾಪುರ ಪಶ್ಚಿಮಕ್ಕೆ, ಮೈಸೂರು ಪೂರ್ವಕ್ಕೆ. ನಾನು ವ್ಯಾನಿನಿಂದ ಇಳಿದೆ. “ನೀವು ಹೋಗಿ ಮೇಡಮ್. ನನ್ನ ಪರೀಕ್ಷೆ ಮುಂದಿನ ವರ್ಷ ಆಗಲಿ.”

ಅವರು ಗಡಿಯಾರ ನೋಡಿದರು, ಮಕ್ಕಳನ್ನು ನೋಡಿದರು. “ಎಷ್ಟೊತ್ತು ಬೇಕು?”

“ಕಾಲು ಸಿಕ್ಕಿದರೆ ಅರ್ಧ ಗಂಟೆ.”

“ಹತ್ತಿ. ಡ್ರೈವರಣ್ಣ, ಗಾಡಿ ತಿರುಗ್ಸಪ್ಪ.” ಮಕ್ಕಳು ಹೋ ಅಂತ ಕೂಗಿದವು.

ಕೊಟ್ಟಿಗೆಯಲ್ಲಿ ನಾನು ಶರ್ಟು ಬಿಚ್ಚಿ ಮೇಡಮ್ ಕೈಗೆ ಕೊಟ್ಟೆ. ಮಹದೇವಪ್ಪ ಬಿಸಿನೀರು, ಸೋಪು ತಂದಿಟ್ಟು, ಬೇಲಿಯ ಹತ್ತಿರ ಸಾಲಾಗಿ ನಿಂತ ಫ್ರಾಕುಗಳನ್ನು ನೋಡಿ ಬೆರಗಾದ.

“ಏನ್ ಡಾಕ್ಟ್ರೇ, ಮದ್ವೆಗೆ ಒಂಟಿದ್ರಾ?”

“ಪರೀಕ್ಷೆಗೆ ಕಣಪ್ಪ.”

“ಈ ವಯಸ್ನಲ್ಲಾ? ಪ್ರಮೋಸನ್ನಾ?”

“ಪಿಯಾನೊ ಪರೀಕ್ಷೆ.”

“ಅಂಗಂದ್ರೆ?”

ಮೇಡಮ್ ಹೇಳಿದರು, “ಹಾರ್ಮೋನಿಯಂಗೆ ದೊಡ್ಡವ್ವ ಅಂತಿಟ್ಕೊಳ್ಳಿ.”

ಕರುವಿನ ಒಂದು ಮುಂಗಾಲು ಮೊಣಕಾಲಿನಲ್ಲಿ ಮಡಿಚಿ ಒಳಗೇ ಸಿಕ್ಕಿಕೊಂಡಿತ್ತು. ಕರುವನ್ನು ಮೊದಲು ಹಿಂದಕ್ಕೆ ನೂಕಬೇಕು, ಗೊರಸನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು ಮುಂದಕ್ಕೆ ತರಬೇಕು. ಇಲ್ಲದಿದ್ದರೆ ಅದು ಒಳಗೆ ಸೀಳಿಬಿಡುತ್ತದೆ. ಎರಡು ಸಲ ಜಾರಿತು. ಮೂರನೆಯ ಸಲ ಸಿಕ್ಕಿತು. ಎರಡೂ ಕಾಲಿಗೆ ಹಗ್ಗ ಕಟ್ಟಿ ನಾನೂ ಮಹದೇವಪ್ಪನೂ ಎಳೆಯತೊಡಗಿದೆವು. ಹನ್ನೊಂದು ಗಂಟೆ ತಲೆಯಲ್ಲಿ ಕೂತಿದ್ದರಿಂದ ನಾನು ಅವಸರ ಮಾಡುತ್ತಿದ್ದೆ. ಹಸು ತಿಣುಕುವಾಗ ಸುಮ್ಮನಿದ್ದು, ಅದು ಸುಧಾರಿಸಿಕೊಳ್ಳುವಾಗ ಎಳೆಯುತ್ತಿದ್ದೆ. ಇಷ್ಟು ವರ್ಷದ ಅನುಭವದವನು ಮಾಡಬಾರದ ತಪ್ಪು. ಹಿಂದಿನಿಂದ ಧ್ವನಿ ಬಂತು.

“ರೀ! ನಿಮ್ಮ ತಾಳ ಅಲ್ಲ, ಅದರ ತಾಳ! ನಾನು ಎಣಿಸ್ತೀನಿ, ಕಾಯಿರಿ... ಕಾಯಿರಿ... ಈಗ! ಒಂದು, ಎರಡು, ಮೂರು, ಬಿಡಿ.”

ಹಸುವಿನ ಪಕ್ಕೆಯನ್ನೇ ನೋಡುತ್ತ, ಹೆಗಲ ಮೇಲೆ ನನ್ನ ಬಿಳಿ ಶರ್ಟು ಹಾಕಿಕೊಂಡು ಅವರು ಎಣಿಸಿದರು. ಆರನೆಯ ಎಳೆತಕ್ಕೆ ಕರು ಒಮ್ಮೆಲೇ ಜಾರಿ ನಮ್ಮ ಕಾಲ ಮೇಲೆ ಬಿತ್ತು. ಹೆಣ್ಣು ಕರು. ಮೂಗು ಒರೆಸಿದೆ, ಎದೆ ಉಜ್ಜಿದೆ. ಸೀನಿತು! ಮಕ್ಕಳು ಕುಣಿದವು. ಮಹದೇವಪ್ಪ ಕೈಮುಗಿದದ್ದು ನನಗಲ್ಲ, ಮೇಡಮ್‌ಗೆ.

ಮೈಸೂರು ಮುಟ್ಟಿದಾಗ ಹನ್ನೊಂದಕ್ಕೆ ಹತ್ತು ನಿಮಿಷ. ಕೊಟ್ಟಿಗೆಯ ವಾಸನೆಯೂ ಡೆಟಾಲಿನ ವಾಸನೆಯೂ ಬೆರೆತ ಕೈಗಳನ್ನು ಹೊತ್ತು ನಾನು ಒಳಗೆ ಹೋದೆ, ಅರ್ಧ ಸ್ಟೂಲಿನಲ್ಲಿ ಕೂತೆ, ನುಡಿಸಿದೆ. ಫಲಿತಾಂಶದ ಹಾಳೆಯಲ್ಲಿ ಪರೀಕ್ಷಕರು ಬರೆದಿದ್ದರು: ಬಲಗೈ ಸ್ವಲ್ಪ ಭಾರ, ಆದರೆ ತಾಳ ಬಂಡೆಯಂತೆ ಗಟ್ಟಿ.

ಮೂರನೇ ಗ್ರೇಡಿನವರೆಗೂ ಹೀಗೇ ಸಾಗಿತು. ಹೋದ ವರ್ಷದ ಒಂದು ಸಂಜೆ, ಅಣಕು ಪರೀಕ್ಷೆಯ ಗಂಟೆ ಬಾರಿಸುವ ಮೊದಲು, ನನ್ನ ಮಗಳು ಸುಮ್ಮನೆ ಕೇಳಿದಳು. “ಮಿಸ್, ಎಂಟನೇ ಗ್ರೇಡಲ್ಲಿ ನಿಮಗೆ ಎಷ್ಟು ಮಾರ್ಕ್ಸ್ ಬಂದಿತ್ತು?”

ಮೇಡಮ್ ಕನ್ನಡಕ ತೆಗೆದರು. ಇವತ್ತಿಗೆ ಸಾಕು ಅಂತ ಮಕ್ಕಳನ್ನು ಕಳಿಸಿಬಿಟ್ಟರು. ಮಗಳನ್ನು ಅಂಗಳದಲ್ಲಿ ಆಡಲು ಹೇಳಿ ನಾನು ಹೊರಡದೆ ನಿಂತೆ. ಯಾಕೆ ನಿಂತೆನೋ ಗೊತ್ತಿಲ್ಲ. ನೋವಿನಲ್ಲಿರುವ ಪ್ರಾಣಿ ಮೂಲೆ ಹಿಡಿಯುವುದನ್ನು ನೋಡಿ ನೋಡಿ ಬಂದ ಅಭ್ಯಾಸವಿರಬೇಕು.

“ನಾನು ಪಾಸಾಗಿಲ್ಲ ಕಣ್ರೀ,” ಅಂದರು.

ಆಗ ಅವರಿಗೆ ಹತ್ತೊಂಬತ್ತು. ಮೈಸೂರಿನಲ್ಲಿ ಪರೀಕ್ಷಾ ಕೊಠಡಿಯ ಹೊರಗಿನ ಬೆಂಚಿನಲ್ಲಿ ಕೂತಿದ್ದಾಗ, ಇವರು ನುಡಿಸಬೇಕಾದ ಕೃತಿಯನ್ನೇ ಒಳಗೆ ಇನ್ನೊಬ್ಬ ಹುಡುಗಿ ಬಹಳ ಚೆನ್ನಾಗಿ ನುಡಿಸುತ್ತಿದ್ದಳು. ಇವರ ಸರದಿ ಬಂತು. ಮೊದಲ ಪುಟ ಆಯಿತು. ಎರಡನೆಯ ಪುಟದಲ್ಲಿ ಎಡಗೈ ಒಂಟಿಯಾಗಿ ಕೆಳಗಿಳಿಯುವ ಜಾಗದಲ್ಲಿ ಕೈ ನಿಂತುಹೋಯಿತು. ಪರೀಕ್ಷಕರು ಮತ್ತೆ ಶುರುಮಾಡಲು ಹೇಳಿದರು. ಅದೇ ಜಾಗದಲ್ಲಿ ನಿಂತಿತು. ಮೂರನೆಯ ಸಲವೂ ನಿಂತಾಗ ಇವರು ಎದ್ದು, ನಮಸ್ಕಾರ ಮಾಡಿ, ಹೊರಗೆ ಬಂದು, ಹೆಗ್ಗಡದೇವನಕೋಟೆಯ ಬಸ್ಸು ಹತ್ತಿಬಿಟ್ಟರು. ಕೋಟೆಯ ಬಸ್ ನಿಲ್ದಾಣದಲ್ಲಿ ತಂದೆ ಪೇಡೆಯ ಪೊಟ್ಟಣ ಹಿಡಿದು ನಿಂತಿದ್ದರು.

“‘ಆಯ್ತಾ ಮಗಾ?’ ಅಂದ್ರು. ನಾನು ‘ಆಯ್ತಪ್ಪಾ’ ಅಂದೆ. ಪರೀಕ್ಷೆ ಆಯ್ತು ಅನ್ನೋ ಅರ್ಥದಲ್ಲಿ. ಅವ್ರು ಪಾಸಾಯ್ತು ಅಂದ್ಕೊಂಡ್ರು. ಪೇಡೆ ಬಾಯಿಗಿಟ್ರು. ಆಮೇಲೆ ಹೇಳಕ್ಕಾಗ್ಲಿಲ್ಲ. ಸಾಯೋವರೆಗೂ ಕಂಡೋರಿಗೆಲ್ಲ, ನನ್ ಮಗಳು ಎಂಟನೇ ಗ್ರೇಡು ಅಂತ ಹೇಳ್ತಿದ್ರು. ನಾನು ಪಕ್ಕದಲ್ಲೇ ನಿಂತಿರ್ತಿದ್ದೆ.”

ಹೊರಗೆ ಮಗಳು ಕುಂಟೆಬಿಲ್ಲೆ ಆಡುತ್ತಿದ್ದಳು. ನಾನು ಬಾಯಿಗೆ ಬಂದದ್ದನ್ನು ಹೇಳಿದೆ. “ಹಾಗಾದರೆ ಅರ್ಜಿ ಹಾಕಿ ಮೇಡಮ್.”

“ಅರವತ್ತೊಂದು ನನಗೆ!”

“ನಲವತ್ತಮೂರಕ್ಕೆ ನನ್ನನ್ನು ಕೂರಿಸಲಿಲ್ಲವೇ?”

“ಹಸು ಡಾಕ್ಟ್ರು ಹಸು ನೋಡ್ಕಳಿ,” ಅಂತ ಗದರಿ ಒಳಗೆ ಹೋದರು. ಒಂದು ವಾರ ನನ್ನ ಜೊತೆ ಪಾಠ ಬಿಟ್ಟು ಬೇರೆ ಮಾತಿಲ್ಲ. ಎಂಟನೆಯ ದಿನ, ನಾನು ಸ್ಟೂಲಿನ ಮೇಲೆ ಕೂರುವಷ್ಟರಲ್ಲಿ, ಗೋಡೆಯ ಕಡೆ ತಿರುಗಿ ಹೇಳಿದರು, “ಅರ್ಜಿ ಹಾಕಿದೀನಿ. ಯಾರಿಗೂ ಹೇಳ್ಬೇಡಿ.”

ನಾನು ಯಾರಿಗೂ ಹೇಳಲಿಲ್ಲ. ಅವರೇ ಎರಡು ದಿನದಲ್ಲಿ ಮಕ್ಕಳಿಗೆಲ್ಲ ಹೇಳಿಬಿಟ್ಟರು!

ಮುಂದಿನ ನಾಲ್ಕು ತಿಂಗಳು ಆ ಮನೆಯಲ್ಲಿ ಹಬ್ಬ. ಕನ್ನಡಕ, ಮೇಜು, ಗಂಟೆ ನನ್ನ ಮಗಳ ಪಾಲಿಗೆ ಬಂದವು. ಅವಳು ಗಂಟೆ ಬಾರಿಸಿ, ಗಂಭೀರವಾಗಿ “ನೆಕ್ಸ್ಟ್” ಅನ್ನುವಳು. ಮೇಡಮ್ ಹೊರಗಿನಿಂದ ಬಂದು ಗುಡ್ ಮಾರ್ನಿಂಗ್ ಹೇಳಿ ಕೂರುವರು. ನಾನು ಅಡುಗೆಮನೆಯಲ್ಲಿ ತಟ್ಟೆ ಬೀಳಿಸುವವನು. ಮೊದಲ ತಟ್ಟೆಗೇ ಅವರು ನಿಂತು, “ಯಾವನ್ರೀ ಅದು!” ಅಂತ ಕಿರುಚಿದರು. ಮಗಳು ಪೆನ್ನು ಕೆಳಗಿಟ್ಟು, “ಹೊರಗೆ ಹೋಗಿ ಮತ್ತೆ ಬನ್ನಿ” ಅಂದಳು. ಹೋದರು!

ಎದುರಿಗೆ ಜನ ಬೇಕು ಅಂತ, ಬೀದಿಯಲ್ಲಿ ಹೋಗುವವರನ್ನೆಲ್ಲ ಒಳಗೆ ಕರೆಯುತ್ತಿದ್ದೆವು. ಹೂವು ಮಾರುವ ಹೆಂಗಸು ಬುಟ್ಟಿ ಇಳಿಸಿ ಒಂದು ಇಡೀ ಕೃತಿ ಕೇಳಿ, “ಮಳೆ ಬಂದಂಗಾಯ್ತು ಕಣವ್ವ” ಅಂದಳು. ಕರೆಂಟು ಮೀಟರ್ ನೋಡಲು ಬಂದಾತ, ರೀಡಿಂಗ್ ಬರೆಯುವುದನ್ನೇ ಮರೆತು ಮಾರನೆಯ ದಿನ ಮತ್ತೆ ಬಂದ. ಆದರೆ ಎಷ್ಟು ಜನ ಬಂದರೂ, ಎಷ್ಟು ದಿನ ನುಡಿಸಿದರೂ, ಅದೇ ಕೃತಿ, ಅದೇ ಎರಡನೆಯ ಪುಟ, ಅದೇ ಜಾಗ. ಒಂಟಿಯಾಗಿದ್ದಾಗ ನೀರಿನಂತೆ ಹರಿಯುವ ಕೈ, ಇನ್ನೊಬ್ಬರು ಎದುರಿಗೆ ಬಂದು ಕೂತರೆ ಅಲ್ಲಿ ಕಲ್ಲು. ಬೇರೆ ಕೃತಿ ಆರಿಸಿಕೊಳ್ಳಿ ಅಂದರೆ ಒಪ್ಪಲಿಲ್ಲ. ಅದನ್ನೇ ನುಡಿಸಬೇಕು ಅನ್ನುವ ಹಟ.

ನನಗೆ ಸಂಗೀತದಲ್ಲಿ ಅವರಿಗೆ ಹೇಳಿಕೊಡುವಷ್ಟು ಏನು ಗೊತ್ತು? ಆದರೆ ಒಂದು ದಿನ ಗೋಡೆಗೊರಗಿ ನಿಂತು ಕೀಲಿಗಳನ್ನು ನೋಡುವುದು ಬಿಟ್ಟು ಅವರ ಬೆನ್ನನ್ನು ನೋಡಿದೆ. ಬಾಯಿಲ್ಲದ ಪ್ರಾಣಿಗಳ ಜೊತೆ ಬದುಕುವವನು ಪಕ್ಕೆ ನೋಡಿ ಕಾಯಿಲೆ ಹೇಳಬೇಕು. ಆ ಜಾಗಕ್ಕಿಂತ ಒಂದು ಸಾಲು ಮೊದಲೇ ಅವರ ಬೆನ್ನು ಬಿಗಿಯಿತು. ಹೆಗಲು ಮೇಲೇರಿತು. ಆಮೇಲೆ ಅಲುಗಾಟವೇ ಇಲ್ಲ.

“ಮೇಡಮ್, ನೀವು ಅಲ್ಲಿ ಉಸಿರು ಬಿಡುತ್ತಿಲ್ಲ.”

“ಏನು?”

“ಅದಕ್ಕಿಂತ ಒಂದು ಸಾಲು ಮೊದಲೇ ಉಸಿರು ಎಳೆದುಕೊಂಡವರು ಹಾಗೇ ಹಿಡಿದುಬಿಡುತ್ತೀರಿ. ಉಸಿರು ನಿಂತ ಮೇಲೆ ಕೈ ಹೇಗೆ ನಡೆಯುತ್ತದೆ?”

ಮೂವತ್ತು ವರ್ಷದಿಂದ ಎಲ್ಲರಿಗೂ ಉಸಿರಾಡಿ ಅಂತ ಹೇಳುತ್ತ ಬಂದವರು ಅವರು. ಪೆನ್ಸಿಲ್ ತೆಗೆದು ನನ್ನ ಕೈಗೇ ಕೊಟ್ಟರು. “ಎಲ್ಲಿ ಅಂತ ಗುರುತು ಹಾಕಿ.” ನಾನು ಹಾಕಿದೆ. ಅವತ್ತಿನಿಂದ ದಿನಾ ಸಂಜೆ, ಆ ಗುರುತು ಬಂದಾಗ ನಾನು ಗೋಡೆಯ ಬಳಿಯಿಂದ ಎಲ್ಲರಿಗೂ ಕೇಳುವಂತೆ ಉಸ್ಸಪ್ಪಾ ಅಂತ ಉಸಿರು ಬಿಡುವುದು, ಅವರೂ ಬಿಡುವುದು. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದವು. ಇಪ್ಪತ್ತು ದಿನ ಕಳೆದ ಮೇಲೆ, ಕೆ.ಆರ್. ನಗರದಿಂದ ಬಂದ ಅವರ ತಂಗಿಯ ಎದುರಿಗೆ, ಮೊದಲ ಬಾರಿಗೆ ಕೈ ನಿಲ್ಲದೆ ದಾಟಿತು.

ಪರೀಕ್ಷೆಯ ದಿನ ವ್ಯಾನಿನಲ್ಲಿ ಅವರೊಬ್ಬರೇ ಅಭ್ಯರ್ಥಿ. ಧೈರ್ಯ ಹೇಳಲು ನಾವು ಏಳು ಜನ. ಮೈಸೂರಿನ ಪರೀಕ್ಷಾ ಕಟ್ಟಡದ ಮೊದಲ ಮಹಡಿಯ ಬೆಂಚಿನಲ್ಲಿ ಅವರು ಹತ್ತು ವರ್ಷದ ಮಕ್ಕಳ ನಡುವೆ ಕೂತಿದ್ದರು. ಚಪ್ಪಲಿ ಬಿಟ್ಟಿದ್ದ ಕಾಲ್ಬೆರಳುಗಳು ನೆಲವನ್ನು ಒತ್ತುತ್ತಿದ್ದವು. ಊಟದ ಬಿಡುವಿಗೆ ಮೊದಲು ಕೊನೆಯ ಸರದಿ ಅವರದು. ಒಳಗಿನಿಂದ ಗಂಟೆ ಕೇಳಿಸಿತು. ಎದ್ದರು, ಸೆರಗು ಸಿಕ್ಕಿಸಿದರು, ನಮ್ಮ ಕಡೆ ತಿರುಗದೆ ಒಳಗೆ ಹೋದರು.

ಬಾಗಿಲಿಗೆ ಕಿವಿಯಿಟ್ಟು ನಿಂತೆವು. ಎರಡು ಕೃತಿ ಮುಗಿದವು. ಮೂರನೆಯದು ಶುರುವಾಯಿತು. ಮೊದಲ ಪುಟ. ಎರಡನೆಯ ಪುಟ. ಮಗಳು ನನ್ನ ಕೈ ಹಿಡಿದಿದ್ದಳು, ಉಗುರು ನಾಟುತ್ತಿತ್ತು. ಆ ಜಾಗ ಬಂತು. ನಾನು ಉಸಿರು ಬಿಟ್ಟೆ. ಒಳಗೆ ನಿಶ್ಶಬ್ದ. ಪುಸ್ತಕದಲ್ಲಿ ಬರೆದಿದ್ದಕ್ಕಿಂತ ತುಸು ಹೆಚ್ಚೇ ನಿಶ್ಶಬ್ದ. ಆಮೇಲೆ ಎಡಗೈ ಒಂಟಿಯಾಗಿ ಇಳಿಯತೊಡಗಿತು, ಮೆಲ್ಲಗೆ, ಒಂದೊಂದೇ ಮೆಟ್ಟಿಲು, ಕೆಳಗಿನ ತನಕ. ಅಲ್ಲಿ ಬಲಗೈ ಸೇರಿಕೊಂಡಿತು. ಮಕ್ಕಳು ಕಿರುಚದಂತೆ ನಾನು ಇಬ್ಬರ ಬಾಯಿ ಮುಚ್ಚಬೇಕಾಯಿತು!

ಅವರು ಪಾಸಾದರು, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಡಿಸ್ಟಿಂಕ್ಷನ್ ಅಲ್ಲ, ಅದರ ಕೆಳಗಿನ ಮೆರಿಟ್. ಹಾಳೆ ಕೈಗೆ ಬಂದ ದಿನ ಮೇಡಮ್ ತಂದೆಯಿದ್ದ ಬೀಚನಹಳ್ಳಿಗೆ ಒಬ್ಬರೇ ಹೋಗಿ ಬಂದರು. ಅಲ್ಲಿ ಏನು ಮಾಡಿದರೆಂದು ನಾನು ಕೇಳಲಿಲ್ಲ.

ಪರೀಕ್ಷೆ ಮುಗಿದು ಬಾಗಿಲು ತೆರೆದಾಗ ಮೊದಲು ಹೊರಗೆ ಬಂದವರು ಪರೀಕ್ಷಕರು. ಎತ್ತರದ, ನರೆಗೂದಲಿನ ಇಂಗ್ಲೆಂಡಿನವರು. ಕೈಯಲ್ಲಿ ಒಂದು ಹಾಳೆ. ಅದನ್ನು ನೋಡುತ್ತ, ನಾಲಿಗೆ ಹೊರಳಿಸಲು ಒದ್ದಾಡುತ್ತ, ಒಂದು ಹೆಸರು ಕೂಗಿದರು. ಅದು ನನ್ನ ಹೆಸರು ಅಂತ ನನಗೆ ತಿಳಿಯಲು ಅವರು ಎರಡು ಸಲ ಕೂಗಬೇಕಾಯಿತು. ಮುಂದೆ ಬಂದೆ.

“ಈ ಅಭ್ಯರ್ಥಿಯ ಗುರುಗಳು ನೀವೇ ಏನು?” ಅಂತ ಇಂಗ್ಲಿಷಿನಲ್ಲಿ ಕೇಳಿದರು.

ಅರ್ಜಿಯಲ್ಲಿ ಗುರುಗಳ ಹೆಸರು ಅಂತ ಒಂದು ಕಾಲಂ ಇರುತ್ತದೆ. ಮೇಡಮ್ ಪರೀಕ್ಷಕರ ಹಿಂದೆ ನಿಂತು, ಬೆವರಿದ ಮುಖವನ್ನು ಸೆರಗಿನಿಂದ ಒರೆಸಿಕೊಳ್ಳುತ್ತ, ಗೋಡೆಯ ಕಡೆ ನೋಡುತ್ತಿದ್ದರು. “ಹೂಂ ಅನ್ನಿ,” ಅಂದರು ಕನ್ನಡದಲ್ಲಿ.

“ಯೆಸ್ ಸರ್,” ಅಂದೆ.

ಅವರು ನನ್ನ ಕೈ ಹಿಡಿದು ಜೋರಾಗಿ ಕುಲುಕಿದರು. ಎಲ್ಲಿ ಕಲಿಸುತ್ತೀರಿ ಅಂದರು. ಗಾಬರಿಯಲ್ಲಿ ನನಗೆ ಸುಳ್ಳು ಹೊಳೆಯಲಿಲ್ಲ, ಪಶು ಆಸ್ಪತ್ರೆಯಲ್ಲಿ ಅಂದೆ. ಅವರು ಒಂದು ಕ್ಷಣ ನನ್ನನ್ನೂ ಮೇಡಮ್ ಅವರನ್ನೂ ನೋಡಿ, ಅದೂ ಸರಿಯೇ ಅನ್ನುವಂತೆ ತಲೆಯಾಡಿಸಿ ಊಟಕ್ಕೆ ಹೋದರು.

ಮೆಟ್ಟಿಲಿಳಿಯುವಾಗ ನನಗೆ ತಡೆಯಲಾಗಲಿಲ್ಲ. “ಹೀಗಾ ಮಾಡೋದು ಮೇಡಮ್? ನಾನು ಬರೀ ಮೂರನೇ ಗ್ರೇಡು!”

ಮೇಡಮ್ ಎರಡೂ ಕೈಯಲ್ಲಿ ನೆರಿಗೆ ಎತ್ತಿಕೊಂಡು, ಮಕ್ಕಳಿಗಿಂತ ಮುಂದೆ ದಡದಡ ಇಳಿಯುತ್ತಿದ್ದರು.

“ಗುರುವಿಂದು ಎಷ್ಟನೇ ಗ್ರೇಡು ಅಂತ ಅರ್ಜೀಲಿ ಕೇಳಿರ್ಲಿಲ್ಲ ಕಣ್ರೀ. ನಡೀರಿ, ಹೊಟ್ಟೆ ಹಸೀತಿದೆ.”